ಆರು ಡೇಲಿಯಾ

ಗೇಟಿನ ಹತ್ತಿರ ಮೇಯರ್ ಪಿಂತಿಲಿಯೆ ಕಂಡದ್ದೇ ತಡ, ಸವೇತಜ್ಜಿ ಆಗಷ್ಟೇ ಕೊಯ್ದ ಏಳು ಡೇಲಿಯಾಗಳಲ್ಲಿ ಒಂದನ್ನು ಎಳೆದು ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು. ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದ ಬಾಡಿಗೆದಾರ, ಡೆನ್ಮಾರ್ಕಿನ ಆಂಡರ್ಸ್, ಲೋಟ ಕೆಳಗಿಟ್ಟ. ಈ ರೊಮೇನಿಯಾದ ಹಳ್ಳಿಗೆ ಬಂದ ಹೊಸದರಲ್ಲಿ ಅವಳ ಹುಟ್ಟುಹಬ್ಬಕ್ಕೆ ಆರು ಗುಲಾಬಿ ತಂದು ಬೈಸಿಕೊಂಡವನು ಅವನು. "ಹೂವು ಬದುಕಿರೋರಿಗೆ ಬೆಸ, ಸತ್ತೋರಿಗೆ ಸರಿ. ನನ್ನನ್ನ ಈಗಲೇ ಮಣ್ಣು ಮಾಡ್ತೀಯೇನೋ?" ಅಂದಿದ್ದಳು ಆಗ.

ಮೂರು ಚುನಾವಣೆಯಿಂದ ಸೇತುವೆ ಕಟ್ಟಿಸುವ ಮಾತು ಕೊಡುತ್ತಾ ಬಂದಿದ್ದ ಮೇಯರ್, ಈ ಸಲವೂ ಪಕ್ಷದ ಹೆಸರಿನ ಪ್ಲಾಸ್ಟಿಕ್ ಬಕೆಟ್ ಚಾಚಿದ. "ಏನಜ್ಜಿ, ನಿಮ್ಮ ಓಟು ನನಗೇ ತಾನೆ?"

"ನಿಮಗೆ ಏನು ಕೊಡಬೇಕೋ ಅದನ್ನ ಕೊಡದೆ ಇರ್ತೀನಾ?" ಅಜ್ಜಿ ಬಕೆಟ್ ಇಸಿದುಕೊಂಡು, ಹೂಗೊಂಚಲನ್ನು ಎರಡೂ ಕೈಯಿಂದ ಕೊಟ್ಟಳು. ಇಷ್ಟು ಹೇಳೋಕೆ ನಮ್ಮೂರಲ್ಲಿ ನಾಲ್ಕು ಪುಟದ ಅರ್ಜಿ ಬರೀಬೇಕಿತ್ತಲ್ಲ ಅಂದುಕೊಂಡ ಆಂಡರ್ಸ್.

ಜೊತೆಗೆ ಕರೆತಂದಿದ್ದ ಫೋಟೋದವನತ್ತ ನಗುತ್ತಿದ್ದ ಮೇಯರ್ ಹೂಗಳ ಮೇಲೆ ಕಣ್ಣು ಹಾಯಿಸಿದ. ತುಟಿ ಮೆಲ್ಲಗೆ ಅಲ್ಲಾಡಿತು. ಆರಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದ.

"ಎಷ್ಟು ಸಲ ಎಣಿಸಿದ್ರೂ ಸರಿಯಾಗೇ ಇರುತ್ತೆ, ಸಾಹೇಬ್ರೇ," ಅಂದಳು ಅಜ್ಜಿ.