ಮೂರನೆಯ ಸಲ ಕೇಳಿದ ಪ್ರಶ್ನೆ

"ಲಿಖಿತ ಉತ್ತರ ತಗೊಳ್ಳಿ, ಗಿಚೆವ್." ಆರೋಗ್ಯ ಸಚಿವ ಸಂಸದನ ಮೊಣಕೈ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದ. "ಮನೇಲಿ ಕೂತು ಓದಿ. ಸದನದಲ್ಲಿ ಬೇಡ."

"ಯಾಕೆ? ಟಿವಿಯವರು ಬಂದಿದಾರೆ ಅಂತಲಾ?"

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದನ್ನ ಮಣ್ಣು ಮಾಡಿ ಹದಿಮೂರು ತಿಂಗಳಾಯ್ತು."

ಗಿಚೆವ್ ಕೈ ಕೊಸರಿಕೊಂಡ. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಬಿಸೆರಾಗೆ ಎಲ್ಲವೂ ಕೇಳಿಸಿತು. ಸಚಿವ ಅವಳನ್ನು ಕಂಡ. ತಕ್ಷಣ ಕಣ್ಣು ತಪ್ಪಿಸಿದ. ಕಳ್ಳ, ಎಂದುಕೊಂಡಳು.

ದೊಲೆನ್ ಬ್ರೋದ್ ಸಣ್ಣ ಊರು. ಅಲ್ಲಿನ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಒಂಬತ್ತು ಹಾಸಿಗೆಗಳಿದ್ದವು. ನವೆಂಬರಿನ ಒಂದು ಮಧ್ಯಾಹ್ನ, ಒಂದು ಗಂಟೆ ನಲವತ್ತು ನಿಮಿಷಕ್ಕೆ, ಆಕ್ಸಿಜನ್ ನಿಂತಿತು. ಒಂಬತ್ತೂ ಜನ ಸತ್ತರು. ನಾಲ್ಕನೇ ಹಾಸಿಗೆಯಲ್ಲಿ ಬಿಸೆರಾಳ ಗಂಡ ಕಾಮೆನ್ ಇದ್ದ. ಅವನಿಗೆ ಮೂವತ್ನಾಲ್ಕು. ಒಂಬತ್ತನೆಯದರಲ್ಲಿ ಗಿಚೆವ್‌ನ ತಾಯಿ.

ಆಸ್ಪತ್ರೆ ಒಂಬತ್ತು ಸಾವಿಗೆ ಒಂಬತ್ತು ಕಾರಣ ಬರೆದುಕೊಟ್ಟಿತು. ಊರಿನವರು ಪದ್ಧತಿಯಂತೆ ಫೋಟೋ ಹಾಕಿಸಿದ ಸಾವಿನ ಚೀಟಿಗಳನ್ನು ಆಸ್ಪತ್ರೆಯ ಗೇಟಿಗೇ ಅಂಟಿಸಿದರು. ಒಂಬತ್ತು ಮುಖ, ಒಂದೇ ತಾರೀಕು. ಮಾರನೆಯ ದಿನ ಯಾರೋ ಗೇಟಿಗೆ ಬಣ್ಣ ಬಳಿದಿದ್ದರು.

ದೇಶದಲ್ಲಿ ಎಲ್ಲೂ ಆಕ್ಸಿಜನ್ ಕೊರತೆಯಾಗಿಲ್ಲ ಎಂದು ಸರ್ಕಾರ ಹೇಳಿತು. ಗಿಚೆವ್ ಸಂಸತ್ತಿನಲ್ಲಿ ಕೇಳಿದ. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂಬ ಉತ್ತರ ಬಂತು. ಮತ್ತೆ ಕೇಳಿದ. ತನಿಖೆ ಗೋಪ್ಯ ಎಂದರು. ಇಂದು ಮೂರನೆಯ ಸಲ. ತನಿಖಾ ವರದಿಯನ್ನು ಸದನದಲ್ಲೇ, ಗಟ್ಟಿಯಾಗಿ, ಪೂರ್ತಿ ಓದಬೇಕೆಂದು ಪಟ್ಟು ಹಿಡಿದಿದ್ದ. ಉಳಿದ ಎಂಟು ಮನೆಯವರನ್ನು ತಾನೇ ಬಸ್ಸು ಮಾಡಿ ಕರೆಸಿಕೊಂಡಿದ್ದ.

ಬರುವಾಗ ಬಸ್ಸಿನಲ್ಲಿ ತ್ಸೊಂಕಾ ಅಜ್ಜಿ ಎಲ್ಲರಿಗೂ ಚೀಸ್ ತುಂಬಿದ ಬಾನಿತ್ಸಾ ಹಂಚಿದ್ದಳು. ಎರಡನೇ ಹಾಸಿಗೆಯವನು ಅವಳ ಮಗ.

"ನಾವೇನು ಕಮ್ಮಿ ಮಾಡಿದ್ವಾ ಮಗಳೇ?" ಎಂದಿದ್ದಳು. "ಒಳಗೆ ಬಿಡ್ತಿರಲಿಲ್ಲ. ಪಕ್ಕದ ಬಾಗಿಲಿಗೆ ಹೋಗಿ ವಾರ್ಡ್‌ಬಾಯ್ ಮೆತೋದಿ ಕೈಗೆ ಚೀಲ ಕೊಟ್ಟು ಬರ್ತಿದ್ದೆ. ಸಾಸೇಜು, ಮನೇಲಿ ಇಳಿಸಿದ ರಾಕಿಯಾ ಸಾರಾಯಿ. ನನ್ನ ಮಗನ್ನ ಚೂರು ಚೆನ್ನಾಗಿ ನೋಡ್ಕೊಳಪ್ಪಾ ಅಂತ."

"ಯಾರು ಕೊಟ್ಟಿಲ್ಲ ಅಜ್ಜಿ?" ಹಿಂದಿನ ಸೀಟಿನವನು ಹೇಳಿದ. "ಆಸ್ಪತ್ರೆಗೆ ಬರಿಗೈಲಿ ಹೋದವರನ್ನ ಯಾರು ಮೂಸಿ ನೋಡ್ತಾರೆ?"

"ನಮ್ಮ ಗಿಚೆವ್ ಸಾಹೇಬರು ಕೊಟ್ಟಿಲ್ಲಪ್ಪ! ಅವ್ವನ ಹೆಸರಲ್ಲಿ ಒಂದು ಪೊಟ್ಟಣ ಕಾಫಿಪುಡಿನೂ ಹೋಗಬಾರದು ಅಂದಿದ್ರಂತೆ. ಕಾನೂನು ಮಾಡೋರಲ್ವಾ!"

ಬಸ್ಸು ನಕ್ಕಿತು. ಬಿಸೆರಾ ನಗಲಿಲ್ಲ. ಅವಳು ಆ ದಿನ ಬೆಳಿಗ್ಗೆ ಮೆತೋದಿಗೆ ಜೇನಿನ ದೊಡ್ಡ ಜಾಡಿ ಕೊಟ್ಟಿದ್ದಳು. ಹನ್ನೆರಡೂವರೆಗೆ ಕಾಮೆನ್ ಫೋನ್ ಮಾಡಿದ್ದ. "ಈಗ ಉಸಿರು ಬರ್ತಿದೆ ಕಣೇ. ಬೆಟ್ಟದ ತುದೀಲಿ ನಿಂತ ಹಾಗಿದೆ." ಹದಿಮೂರು ತಿಂಗಳು ಅವಳು ಆ ಮಾತಿನ ಮೇಲೆ ಬದುಕಿದ್ದಳು.

ಗ್ಯಾಲರಿಯಲ್ಲಿ ಎಂಟೂ ಮನೆಯವರು ಒಂದೇ ಸಾಲಿನಲ್ಲಿ ಕೂತರು. ಕೆಳಗೆ ಗಿಚೆವ್ ಎದ್ದು ನಿಂತ. ಅವನ ಕೈಯಲ್ಲಿ ಕಾಗದವಿರಲಿಲ್ಲ.

"ನನ್ನದು ಒಂದೇ ಪ್ರಶ್ನೆ. ಆ ವಾರ್ಡಿನಲ್ಲಿದ್ದವರನ್ನು ಕೊಂದವರು ಯಾರು?"

ಸಚಿವ ಹಾಳೆ ತಿರುವಿದ. "ವರದಿಯನ್ನು ಸಂಸದರಿಗೆ ಪ್ರತ್ಯೇಕವಾಗಿ..."

"ಓದಿ!" ಬಿಸೆರಾ ಕೂಗಿದಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ತ್ಸೊಂಕಾ ಅವಳ ಕೈ ಹಿಡಿದುಕೊಂಡು ತಾನೂ ಕೂಗಿದಳು. "ಒಂದು ಸಾಲೂ ಬಿಡದೆ ಓದೋ, ಮೂರೂ ಬಿಟ್ಟವನೇ!" ಸಭಾಧ್ಯಕ್ಷೆ ಗಂಟೆ ಬಾರಿಸಿದಳು.

ಸಚಿವ ಕನ್ನಡಕ ಹಾಕಿಕೊಂಡ.

"ಬೆಳಿಗ್ಗೆ ಎಂಟಕ್ಕೆ, ಇಡೀ ವಾರ್ಡಿಗೆ ಒಟ್ಟಾಗಿ ಪೂರೈಸುವ ಸಿಲಿಂಡರುಗಳನ್ನು ಬದಲಾಯಿಸಲಾಗಿದೆ. ಪ್ರತಿ ರೋಗಿಗೆ ನಿಮಿಷಕ್ಕೆ ಐದು ಲೀಟರ್ ಎಂದು ವೈದ್ಯರು ಬರೆದಿದ್ದಾರೆ. ಆ ಪ್ರಕಾರ ಸಂಜೆ ಐದರವರೆಗೆ ಸಾಕಾಗಬೇಕಿತ್ತು. ಮುಂದಿನ ಲಾರಿ ಮೂರು ಗಂಟೆ ಹತ್ತಕ್ಕೆ ಬಂದಿದೆ."

"ಸುಳ್ಳು!"

"ಘಟನೆಯ ನಂತರ ತನಿಖಾಧಿಕಾರಿಗಳು ಪ್ರತಿ ಹಾಸಿಗೆಯ ವಾಲ್ವ್ ಎಷ್ಟು ತೆರೆದಿತ್ತೆಂದು ದಾಖಲಿಸಿದ್ದಾರೆ. ಒಂದನೇ ಹಾಸಿಗೆ, ಹದಿನೈದು ಲೀಟರ್. ಎರಡು, ಹದಿನೈದು. ಮೂರು, ಹದಿನೈದು. ನಾಲ್ಕು, ಹದಿನೈದು." ಅವನು ತಲೆಯೆತ್ತದೆ ಎಂಟರವರೆಗೂ ಓದಿದ. "ವಾರ್ಡ್‌ಬಾಯ್ ಹೇಳಿಕೆ ಲಗತ್ತಿಸಿದೆ: ಎಂಟು ಮನೆಯವರು ಬೇರೆ ಬೇರೆಯಾಗಿ ಬಂದು ಉಡುಗೊರೆ ಕೊಟ್ಟರು. ಒಬ್ಬೊಬ್ಬರ ರೋಗಿಯ ವಾಲ್ವನ್ನೂ ಪೂರ್ತಿ ತೆರೆದೆ. ಎಲ್ಲರದೂ ಸೇರಿದರೆ ಏನಾಗುತ್ತದೆಂದು ಲೆಕ್ಕ ಹಾಕಲಿಲ್ಲ."

ಸಚಿವ ನೀರು ಕುಡಿದ.

"ಒಂಬತ್ತನೇ ಹಾಸಿಗೆ. ಐದು."

"ಅಷ್ಟು ಕಮ್ಮಿ ಆಕ್ಸಿಜನ್ ಯಾಕೆ ಕಳಿಸಿದ್ರಿ?" ವಿರೋಧ ಪಕ್ಷದ ಸಾಲಿನಿಂದ ಯಾರೋ ಕೂಗಿದರು.

"ಅದು ಬೇರೆ ಪ್ರಶ್ನೆ. ಪ್ರತ್ಯೇಕವಾಗಿ ಸಲ್ಲಿಸಿ."

ತ್ಸೊಂಕಾಳ ಬೆರಳುಗಳು ಬಿಸೆರಾಳ ಕೈಯಿಂದ ಒಂದೊಂದಾಗಿ ಜಾರಿದವು.

"ಸಂಸದ ಗಿಚೆವ್," ಸಭಾಧ್ಯಕ್ಷೆ ಕೇಳಿದಳು, "ಉತ್ತರ ತೃಪ್ತಿ ತಂದಿದೆಯೋ ಇಲ್ಲವೋ, ನಿಯಮದಂತೆ ತಿಳಿಸಬೇಕು."

ಅವನು ಎದ್ದ. ಸಚಿವನ ಕಡೆ ನೋಡಲಿಲ್ಲ. ತಲೆಯೆತ್ತಿ ಗ್ಯಾಲರಿಯ ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದ.

"ತೃಪ್ತಿಯಾಗಿದೆ," ಎಂದ. "ನನ್ನ ತಾಯಿಯನ್ನು ಕೊಂದವರು ಯಾರೆಂದು ಕೇಳಿದ್ದೆ. ಎಲ್ಲರೂ ಬಂದಿದ್ದಾರೆ."