ಸುಲ್ತಾನನ ನಿಲುವಂಗಿ

ಪೆಟ್ಟಿಗೆ ಬರಿದಾಗಿತ್ತು. ಹಂಗೇರಿಯ ಆ ಹಳ್ಳಿಗೆ ಅಭಯವೆಂದು ಸುಲ್ತಾನ ಕೊಟ್ಟಿದ್ದ ಜರತಾರಿ ನಿಲುವಂಗಿಯನ್ನು ಊರ ಮುಖಂಡ ತೊಟ್ಟು ನಿಂತರೆ ಸಾಕು, ತುರ್ಕಿ ಸವಾರರು ಮಣಿದು ಹಿಂದಿರುಗುತ್ತಿದ್ದರು. ಈಗ ಅವರು ಬೀದಿಯಲ್ಲಿ ಊರವರ ಎತ್ತುಗಳನ್ನು ಹೊಡೆದೊಯ್ಯಲು ಬಿಚ್ಚುತ್ತಿದ್ದರು. ಮುಖಂಡ ಗಾಷ್ಪಾರ್ ಹೆಂಡತಿಯತ್ತ ತಿರುಗಿದ.

"ಓರ್ಶಿ, ಅಂಗಿ ಎಲ್ಲಿ ಕಣೇ?"

"ವಿಯೆನ್ನಾದ ಚಕ್ರವರ್ತಿ ತುರ್ಕರನ್ನ ಗೆದ್ದ ಅಂತ ನೀವೇ ಕುಣಿದಾಡಿದ್ರಲ್ಲ! ಇನ್ಯಾಕೆ ಅಂತ ಮಗಳ ಮದುವೆಗೆ ಲಂಗ ಹೊಲಿದುಬಿಟ್ಟೆ," ಎಂದಳು ಹೆಂಡತಿ.

ಅಷ್ಟರಲ್ಲಿ ಮದುವಣಗಿತ್ತಿ ಇಲ್ಕಾ ಬೀದಿಗೆ ನುಗ್ಗಿ, "ನಮ್ಮ ಎತ್ತು ಮುಟ್ಟಿದ್ರೆ ನೋಡಿ!" ಎಂದು ಅಬ್ಬರಿಸಿದಳು. ಸವಾರರ ನಾಯಕನ ಕಣ್ಣು ಅವಳ ಲಂಗದ ಜರತಾರಿಯ ಮೇಲೆ ನಿಂತಿತು. ಅವನು ಕುದುರೆಯಿಂದಿಳಿದು, ಬಾಗಿ, ಲಂಗದ ಅಂಚನ್ನು ಚುಂಬಿಸಿ ಹಣೆಗೊತ್ತಿಕೊಂಡ. ಎತ್ತುಗಳು ಕೊಟ್ಟಿಗೆಗೆ ಮರಳಿದವು.

ಗಾಷ್ಪಾರ್ ತನ್ನ ಅಧಿಕಾರದ ಕೋಲನ್ನು ಮಗಳ ಕೈಗಿತ್ತ. "ತಗೋ ತಾಯಿ, ಇನ್ನು ಊರಿಗೆ ನೀನೇ ಮುಖಂಡಿ. ಮದುವೇಲಿ ಕುಣಿಯೋವಾಗ ಮಾತ್ರ ಲಂಗ ಜೋಪಾನ!"