ಮೇಷ್ಟ್ರ ಫೋನಿಗೆ ಹೊಸ ಬ್ಯಾಟರಿ

"ಇವತ್ತೇ ಬದಲಾಯಿಸಿಕೊಡಿ. ಆಗೋವರೆಗೂ ಇಲ್ಲೇ ಕೂತಿರ್ತೀವಿ," ಎಂದವಳೇ ಅವಳು ಗಂಡನ ಜೇಬಿನಿಂದ ಫೋನನ್ನು ತಾನೇ ತೆಗೆದು ರಿಪೇರಿಯವನ ಮೇಜಿನ ಮೇಲಿಟ್ಟಳು.

ಗಂಡ ವಯೊಲಿನ್ ಮೇಷ್ಟ್ರು. ಅವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಸತ್ತ ಫೋನಿನಷ್ಟು ಉಪಕಾರಿ ವಸ್ತು ಅವರ ಬಳಿ ಬೇರೊಂದಿರಲಿಲ್ಲ. ಸಂಗೀತ ಶಾಲೆಯ ಮುಖ್ಯಸ್ಥರು ಕರೆದಿರಲಿ, ಮಕ್ಕಳ ತಾಯಂದಿರು ಕರೆದಿರಲಿ, 'ಚಾರ್ಜ್ ಮುಗಿದಿತ್ತು' ಎಂದರೆ ಮುಗಿಯಿತು, ಸಕಲ ಪಾಪ ಪರಿಹಾರ. ಆದರೆ ಕಲಾವಿದರು ಹಾಗೆಲ್ಲ ನಿಜ ಹೇಳುವಂತಿಲ್ಲ. ಆದ್ದರಿಂದ, ಯಂತ್ರಕ್ಕೆ ದಾಸನಾದವನ ಕೈಯಲ್ಲಿ ನಾದ ನಿಲ್ಲುವುದಿಲ್ಲ ಎಂದರು.

ರಿಪೇರಿಯವನು ನಾದವನ್ನು ಅದರ ಪಾಡಿಗೆ ಬಿಟ್ಟು ಫೋನಿನ ಅಂಚು ತೋರಿಸಿದ. ಬ್ಯಾಟರಿ ಪುಟ್ಟ ದಿಂಬಿನ ಹಾಗೆ ಉಬ್ಬಿ ಪರದೆಯನ್ನು ಒಂದು ಪಕ್ಕಕ್ಕೆ ಎತ್ತಿಬಿಟ್ಟಿತ್ತು. ಇಷ್ಟು ದಿನ ಇದನ್ನು ಎದೆಯ ಹತ್ತಿರ ಇಟ್ಟುಕೊಂಡು ಓಡಾಡಿದ್ದೇ ದೊಡ್ಡದು ಎಂದ. ಮೇಷ್ಟ್ರು ತೆಪ್ಪಗೆ ಕುರ್ಚಿ ಎಳೆದುಕೊಂಡರು.

ಅವಳ ಆತುರಕ್ಕೆ ಕಾರಣ ಬೇರೆಯೇ ಇತ್ತು. ಮೇಷ್ಟ್ರು ಎಲ್ಲಿದ್ದಾರೆಂದು ತನ್ನ ಫೋನಿನ ನಕ್ಷೆಯಲ್ಲಿ ಕಾಣುವಂತೆ ಅವಳೇ ಒಂದು ಸಂಜೆ ಎರಡೂ ಫೋನನ್ನು ಜೋಡಿಸಿದ್ದಳು. ನಕ್ಷೆಯಲ್ಲಿ ಅವರೊಂದು ನೀಲಿ ಚುಕ್ಕೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ ಹೇಳಲು ಚುಕ್ಕೆ ಸೇತುವೆ ದಾಟುತ್ತಿತ್ತು; ಊಟಕ್ಕೆ ಮರಳುತ್ತಿತ್ತು; ಸಂಜೆ ದೊಡ್ಡವರ ತರಗತಿಗೆ ಮತ್ತೆ ಹೊರಡುತ್ತಿತ್ತು. ಬ್ಯಾಟರಿ ಸತ್ತಾಗ ಮಾತ್ರ ಚುಕ್ಕೆ ಇದ್ದಲ್ಲೇ ಕಲ್ಲಾಗುತ್ತಿತ್ತು. ಆಗ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ತನ್ನ ಮೇಲೆ ಇಷ್ಟೊಂದು ನಿಗಾ ಇರುವುದು ಮೇಷ್ಟ್ರಿಗೆ ಒಳಗೊಳಗೇ ಖುಷಿ. ಈ ವಯಸ್ಸಿನಲ್ಲೂ ಹೆಂಡತಿ ಅನುಮಾನ ಪಡುವಂತಿದ್ದೇನೆ ಎಂಬುದು ಸಣ್ಣ ಮಾತಲ್ಲ. ಅನುಮಾನವೊಂದನ್ನು ಬಿಟ್ಟರೆ ಅವಳಿಗೆ ಬೇರೇನೂ ಬಾರದು ಎಂಬುದು ಅವರ ದೃಢ ನಂಬಿಕೆ. ಮದುವೆಗೆ ಮುಂಚೆ ಅವಳೂ ವಯೊಲಿನ್ ಕಲಿತಿದ್ದಳಂತೆ, ಹೆಣ್ಣುಮಕ್ಕಳು ಏನೇನೋ ಕಲಿತಿರುತ್ತಾರೆ. ಹೊಸದರಲ್ಲಿ ಒಮ್ಮೆ, ನಿಮ್ಮ ಎರಡನೇ ತಂತಿಯ ಶ್ರುತಿ ಇಳಿದಿದೆಯಲ್ಲ ಅಂದಿದ್ದಳು. ಅದನ್ನು ಮೇಷ್ಟ್ರು ಬಂದಬಂದ ನೆಂಟರಿಗೆಲ್ಲ ಹೇಳಿ ನಗಿಸಿದ್ದರು. ಆಮೇಲೆ ಅವಳು ಅವರೆದುರು ಸಂಗೀತದ ಬಗ್ಗೆ ತುಟಿ ಬಿಚ್ಚಲಿಲ್ಲ. ತಂತಿ ಇಂದಿಗೂ ಇಳಿದೇ ಇತ್ತು.

ಹೋದ ವಾರ ಒಂದು ಘಟನೆ ನಡೆದಿತ್ತು. ಚುಕ್ಕೆ ಶಾಲೆಯಲ್ಲಿ ಗಟ್ಟಿಯಾಗಿ ಕೂತಿತ್ತು, ಮನೆಯ ಕರೆಗಂಟೆ ಸದ್ದು ಮಾಡಿತು, ಬಾಗಿಲು ತೆರೆದರೆ ಮೇಷ್ಟ್ರು. ತರಗತಿ ರದ್ದಾಗಿತ್ತು, ಫೋನ್ ಸತ್ತಿತ್ತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಸಂಜೆ ತರಗತಿಗೆ ಬರ್ತಾರಲ್ಲ, ಆ ದಂತವೈದ್ಯೆ, ಮೆಟ್ಟಿಲ ಮೇಲೆ ಸಿಕ್ಕಿದ್ರು," ಎಂದರು ಮೇಷ್ಟ್ರು ತಲೆಗೂದಲು ಸವರಿಕೊಳ್ಳುತ್ತಾ. "ನನ್ನನ್ನೇ ನೋಡೋಕೆ ಬಂದಿದ್ರಂತೆ. ಪಾಪ, ಮಾತೇ ಹೊರಡಲಿಲ್ಲ ಅವರಿಗೆ."

ಅವಳು ನೀರಿನ ಲೋಟವನ್ನು ಟಣ್ಣನೆ ಮೇಜಿನ ಮೇಲಿಟ್ಟಳು. ಬೇಗ ಬರುವುದಾದರೆ ಯಾರ ಫೋನಿನಿಂದಾದರೂ ಒಂದು ಮಾತು ಹೇಳಬಾರದೇ ಎಂದು ರೇಗಿದಳು. ಮೇಷ್ಟ್ರು ಇಡೀ ದಿನ ಗುನುಗುತ್ತಾ ಓಡಾಡಿದರು.

ವಿಷಯ ತಿಳಿದ ಅವಳ ಅಕ್ಕನಿಗೆ ಎಲ್ಲವೂ ಅಂಗೈಯಲ್ಲಿಟ್ಟು ನೋಡಿದಷ್ಟು ಸ್ಪಷ್ಟವಾಯಿತು. ಲೋಕದ ಗಂಡಸರನ್ನೆಲ್ಲ ಅಕ್ಕ ದೂರದಿಂದಲೇ ಅರೆದು ಕುಡಿದವಳು. ಆ ದಂತವೈದ್ಯೆ ಇತ್ತೀಚೆಗೆ ಇದ್ದಕ್ಕಿದ್ದಂತೆ ಚೆನ್ನಾಗಿ ನುಡಿಸುತ್ತಿದ್ದಾಳೆ ಎಂದು ಮೇಷ್ಟ್ರು ಊಟಕ್ಕೆ ಕೂತಾಗಲೆಲ್ಲ ಹೊಗಳುವುದೂ, ಅದೆಲ್ಲ ತನ್ನ ಬೋಧನೆಯ ಮಹಿಮೆ ಎಂದು ಬೀಗುವುದೂ ಅವಳ ಕಿವಿಗೆ ಬಿದ್ದಿತ್ತು. ವಿಶೇಷ ಪಾಠವಿಲ್ಲದೆ ಯಾರೂ ಹಾಗೆ ಏಕಾಏಕಿ ಸುಧಾರಿಸುವುದಿಲ್ಲ ಎಂದು ಅಕ್ಕ ತೀರ್ಪು ಕೊಟ್ಟಳು. ತಂಗಿ ಅದನ್ನು ಅಲ್ಲಗಳೆಯಲಿಲ್ಲ.

ರಿಪೇರಿಯವನು ಹಳೆಯ ಬ್ಯಾಟರಿಯನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಹೊಸದನ್ನು ಕೂರಿಸಿ, ಪರದೆ ಅಂಟಿಸಿ ಒತ್ತಿ ಹಿಡಿದ. ಫೋನ್ ಬೆಳಗಿತು. ಅವಳ ಫೋನಿನಲ್ಲಿ ಚುಕ್ಕೆಯೂ ಮಿಟುಕಿತು. ಅದನ್ನು ಕಂಡು ಅವನು ಮೀಸೆಯಡಿ ನಕ್ಕ.

"ಇನ್ಮೇಲೆ ಸಾರ್ ಎಲ್ಲೂ ತಪ್ಪಿಸಿಕೊಳ್ಳೋ ಹಾಗಿಲ್ಲ ಬಿಡಿ, ಮೇಡಂ."

"ಎಲ್ಲಾದ್ರೂ ಇರ್ಲಿ. ಎಲ್ಲಿದ್ದಾರೆ ಅಂತ ಗೊತ್ತಾದ್ರೆ ಸಾಕು," ಎಂದಳು.

ಮರುದಿನ ಬೆಳಿಗ್ಗೆ ಚುಕ್ಕೆ ಸೇತುವೆ ದಾಟಿ ಶಾಲೆ ಸೇರಿತು. ಅವಳು ಕಿಟಕಿಗಳನ್ನೆಲ್ಲ ಮುಚ್ಚಿ, ಫೋನನ್ನು ಎದುರಿಗಿಟ್ಟುಕೊಂಡು ಕೂತಳು. ಅಕ್ಕ ಕರೆ ಮಾಡಿ, ಈಗಿಂದೀಗಲೇ ಆಟೋ ಹಿಡಿದು ಹೋಗಿ ಇಬ್ಬರನ್ನೂ ಒಟ್ಟಿಗೇ ಹಿಡಿ ಎಂದಳು.

"ಅವಸರ ಬೇಡ ಕಣೇ ಅಕ್ಕ," ಎಂದಳು ತಂಗಿ, ಚುಕ್ಕೆಯಿಂದ ಕಣ್ಣು ಕೀಳದೆ. "ಅವರು ಅಲ್ಲೇ ಇದ್ದಾರೆ. ನಾನು ನೋಡ್ತಾ ಇದ್ದೀನಿ."

ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ದಂತವೈದ್ಯೆ. ಒಬ್ಬಳೇ ಅಲ್ಲ, ಹಿಂದೆ ಸಂಜೆ ತರಗತಿಯ ಬಸ್ ಡ್ರೈವರ್, ಅವನ ಹಿಂದೆ ಬ್ಯಾಂಕಿನ ಹೆಂಗಸು, ಮೂವರ ಕೈಯಲ್ಲೂ ವಯೊಲಿನ್ ಪೆಟ್ಟಿಗೆ. ಇವತ್ತು ಮತ್ತೆ ಮೆಟ್ಟಿಲ ಮೇಲೆ ಸಿಕ್ಕಿಬೀಳುವುದಿಲ್ಲ ತಾನೇ ಎಂದು ದಂತವೈದ್ಯೆ ಪಿಸುಗುಟ್ಟಿದಳು.

ಮೇಷ್ಟ್ರ ಹೆಂಡತಿ ಮೂವರನ್ನೂ ಒಳಗೆ ಕರೆದು ಚಿಲಕ ಹಾಕಿ, ಚುಕ್ಕೆಯನ್ನು ಇನ್ನೊಮ್ಮೆ ನೋಡಿ, ದಂತವೈದ್ಯೆಯ ವಯೊಲಿನ್ ಕೈಗೆತ್ತಿಕೊಂಡು ಎರಡನೇ ತಂತಿ ಬಿಗಿದಳು.

"ಎಲ್ಲಿ, ಮೇಷ್ಟ್ರು ನಿನ್ನೆ ಸಂಜೆ ಹೇಳಿಕೊಟ್ಟಿದ್ದನ್ನೆಲ್ಲ ಮೊದಲು ಮರೆತುಬಿಡಿ, ನೋಡೋಣ."